ಹೆಣ್ಣುಮಕ್ಕಳ ಬಟ್ಟೆ ಸೈಜು: ರೆಗ್ಯುಲರ್ ಮತ್ತು ಪ್ಲಸ್ ಸೈಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೆಡಿಮೇಡ್ ಬಟ್ಟೆ ವಿಷಯ ಬಂದಾಗೆಲ್ಲ ಮಾತಿನಲ್ಲಿ, ಪತ್ರಗಳಲ್ಲಿ ಸುತ್ತಿ ಸುತ್ತಿ ಬರುವುದು ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ಕಟಿಂಗ್ ಮತ್ತು ಹೊಲಿಗೆಯ ಒಳಗುಟ್ಟು ಆಮೇಲೆ. ಅಳತೆಗಳೆಲ್ಲ ಇಂಚಿನಲ್ಲಿವೆ. ಸೆಂಟಿಮೀಟರ್ ಬೇಕಿದ್ದರೆ 2.54ರಿಂದ ಗುಣಿಸಿಕೊಳ್ಳಿ.

## ಮೊದಲು ತಿಳಿಯಬೇಕಾದ್ದು

ನನ್ನ ಸೈಜು 12 ಅಂತಾರೆ. ಈ 12 ಯಾವುದರ ಅಳತೆ?

ಯಾವುದರ ಅಳತೆಯೂ ಅಲ್ಲ. ನಿಮ್ಮ ಮೈಯಲ್ಲಿ 12 ಇಂಚು ಇರುವ ಜಾಗ ಹುಡುಕಬೇಡಿ. ಬಟ್ಟೆ ಮಾಡುವವರು ಒಂದು ದೇಹವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಅದಕ್ಕೆ ಇಷ್ಟು ಎದೆ, ಇಷ್ಟು ಸೊಂಟ, ಇಷ್ಟು ಹಿಪ್ ಎಂದು ಲೆಕ್ಕ ಹಾಕಿ, ಆ ಮೂರಕ್ಕೂ ಸೇರಿಸಿ ಒಂದು ನಂಬರ್ ಕೊಡುತ್ತಾರೆ. ಎಸ್, ಎಂ, ಎಲ್ ಕೂಡ ಹಾಗೆಯೇ. ಒಂದೊಂದು ಅಕ್ಷರದಲ್ಲಿ ಸಾಮಾನ್ಯವಾಗಿ ಎರಡು ನಂಬರುಗಳು ಸೇರಿರುತ್ತವೆ. ಅದಕ್ಕೇ ಅಕ್ಷರದ ಸೈಜು ಮೈಗೆ ಅಷ್ಟು ನಿಖರವಾಗಿ ಕೂರುವುದಿಲ್ಲ. ಸಡಿಲ ಟಾಪಿಗೆ ಅದು ಸಾಕು, ಅಳತೆಗೆ ತಕ್ಕಂತೆ ಕೂರಬೇಕಾದ ಪ್ಯಾಂಟಿಗೆ ಸಾಲದು.

ಪ್ಲಸ್ ಸೈಜ್ ಎಲ್ಲಿಂದ ಶುರು?

ಪ್ಲಸ್ ಸೈಜ್ ಎಂದರೆ ತುಂಬಿದ ಮೈಯವರಿಗೆಂದು ಮಾಡಿದ ಸೈಜು. ಅಮೆರಿಕದ ಪದ್ಧತಿಯಲ್ಲಿ ಅದು ಸಾಮಾನ್ಯವಾಗಿ 14ಡಬ್ಲ್ಯೂ ಅಥವಾ 16ಡಬ್ಲ್ಯೂನಿಂದ (ಡಬ್ಲ್ಯೂ ಎಂದರೆ ಪ್ಲಸ್ ಸೈಜಿನ ಕಟಿಂಗ್). ಅಕ್ಷರದಲ್ಲಿ ಹೇಳುವುದಾದರೆ 1ಎಕ್ಸ್‌ನಿಂದ. ಹೆಚ್ಚಿನ ಚಾರ್ಟುಗಳಲ್ಲಿ 1ಎಕ್ಸ್ ಎಂದರೆ 14ಡಬ್ಲ್ಯೂ–16ಡಬ್ಲ್ಯೂ, 2ಎಕ್ಸ್ ಎಂದರೆ 18ಡಬ್ಲ್ಯೂ–20ಡಬ್ಲ್ಯೂ, 3ಎಕ್ಸ್ ಎಂದರೆ 22ಡಬ್ಲ್ಯೂ–24ಡಬ್ಲ್ಯೂ. ಆದರೆ ಇದು ಎಲ್ಲರೂ ಪಾಲಿಸಲೇಬೇಕಾದ ಗೆರೆ ಏನಲ್ಲ. ಕೆಲವು ಕಂಪನಿಗಳು ಇನ್ನೂ ಮೊದಲೇ ಶುರು ಮಾಡುತ್ತವೆ, ಕೆಲವು ತಡವಾಗಿ. ಈ ಹೆಸರು ನಿಮ್ಮ ತೂಕದ ಬಗ್ಗೆ, ಆರೋಗ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಂಗಡಿಯ ಯಾವ ಸಾಲಿನಲ್ಲಿ ಹುಡುಕಬೇಕು ಅನ್ನುವುದನ್ನಷ್ಟೇ ಹೇಳುತ್ತದೆ.

ಮನೆಯಲ್ಲೇ ಅಳತೆ ತಗೊಳ್ಳೋದು ಹೇಗೆ? ಪ್ರತಿ ಸಲ ಬೇರೆ ಬೇರೆ ಬರುತ್ತೆ.

ಮೊದಲು ಟೇಪು ನೋಡಿ. ಹಳೇ ಟೇಪು ಎಳೆದುಕೊಂಡಿರಬಹುದು. ಅದನ್ನು ಸ್ಕೇಲಿನ ಪಕ್ಕ ಇಟ್ಟು ಪರೀಕ್ಷಿಸಿ. ದಿನಾ ಹಾಕುವ ಒಳ ಉಡುಪು ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ಹೊಟ್ಟೆ ಒಳಗೆ ಎಳೆಯಬೇಡಿ, ಉಸಿರು ಹಿಡಿಯಬೇಡಿ. ಟೇಪು ಮೈಗೆ ತಾಗಿರಬೇಕು, ಒತ್ತಿ ಗುರುತು ಬೀಳಬಾರದು.

ಎದೆ: ಅತ್ಯಂತ ತುಂಬಿರುವ ಜಾಗದ ಸುತ್ತ. ಬೆನ್ನ ಹಿಂದೆ ಟೇಪು ಕೆಳಗೆ ಜಾರುವುದೇ ಹೆಚ್ಚು. ಅದಕ್ಕೇ ಪಕ್ಕಕ್ಕೆ ತಿರುಗಿ ಕನ್ನಡಿಯಲ್ಲಿ ನೋಡಿ, ಟೇಪು ನೆಲಕ್ಕೆ ಸಮನಾಗಿರಬೇಕು.

ಸೊಂಟ: ಒಂದು ಪಕ್ಕಕ್ಕೆ ಬಾಗಿ. ಮೈ ಎಲ್ಲಿ ಮಡಚುತ್ತದೋ ಅದೇ ಸೊಂಟ. ಪ್ಯಾಂಟಿನ ಪಟ್ಟಿ ಕೂರುವ ಜಾಗ ಬಹಳ ಸಲ ಇದಕ್ಕಿಂತ ಎರಡು ಮೂರು ಇಂಚು ಕೆಳಗಿರುತ್ತದೆ. ಅದನ್ನೂ ಬೇರೆಯಾಗಿ ಬರೆದುಕೊಳ್ಳಿ. ಚಾರ್ಟಿನಲ್ಲಿ ಕೊಟ್ಟಿರುವುದು ನಿಜವಾದ ಸೊಂಟದ ಅಳತೆ. ಪ್ಯಾಂಟಿನ ಸೈಜು ತಪ್ಪುವುದೇ ಇಲ್ಲಿ.

ಹಿಪ್: ಸೊಂಟದಿಂದ 7ರಿಂದ 9 ಇಂಚು ಕೆಳಗೆ, ಎಲ್ಲಿ ಅತಿ ಅಗಲವೋ ಅಲ್ಲಿ. ಕಾಲು ಜೋಡಿಸಿ ನಿಲ್ಲಿ. ಹೊಟ್ಟೆ ಮುಂದಿದ್ದರೆ ಅದನ್ನೂ ಸೇರಿಸಿ ಸುತ್ತಿ, ಯಾಕೆಂದರೆ ಪ್ಯಾಂಟು ಅದನ್ನೂ ದಾಟಬೇಕಲ್ವಾ.

ಇವಿಷ್ಟರ ಜೊತೆ ತೋಳಿನ ಮೇಲ್ಭಾಗದ ಸುತ್ತಳತೆ ಬರೆದಿಡಿ. ಚಾರ್ಟುಗಳು ಇದನ್ನು ಕೊಡುವುದೇ ಅಪರೂಪ. ಆದರೆ ದಪ್ಪ ತೋಳಿನವರಿಗೆ ಬಟ್ಟೆ ಮೊದಲು ಕೈಕೊಡುವುದು ಅಲ್ಲೇ. ಮುಟ್ಟಿನ ದಿನಗಳಲ್ಲಿ, ಊಟ ಆದ ಕೂಡಲೇ ಸೊಂಟದ ಅಳತೆ ಹೆಚ್ಚು ಬರಬಹುದು. ಬೇರೆ ದಿನ ಇನ್ನೊಮ್ಮೆ ನೋಡಿ.

ನನ್ನ ಎದೆ ಎಂ, ಸೊಂಟ ಎಲ್, ಹಿಪ್ ಎಕ್ಸ್‌ಎಲ್. ಯಾವುದು ತಗೊಳ್ಳಲಿ?

ಇದರಲ್ಲಿ ವಿಚಿತ್ರ ಏನೂ ಇಲ್ಲ. ಚಾರ್ಟಿನ ಒಂದೇ ಸಾಲಿನಲ್ಲಿ ಮೂರೂ ಅಳತೆ ಕೂರುವ ಹೆಂಗಸರೇ ಕಡಿಮೆ. ಟಾಪಿಗೆ ಎದೆಯ ಅಳತೆ ನೋಡಿ. ಪ್ಯಾಂಟು, ಮೈಗೆ ಹತ್ತುವ ಸ್ಕರ್ಟಿಗೆ ಹಿಪ್ ನೋಡಿ. ನೆರಿಗೆಯ ಅಗಲ ಸ್ಕರ್ಟಿಗೆ ಸೊಂಟ ಒಂದು ಸರಿಯಿದ್ದರೆ ಸಾಕು. ಉದ್ದ ಡ್ರೆಸ್ಸಿಗೆ ಮೂರರಲ್ಲಿ ಯಾವುದು ದೊಡ್ಡ ಸೈಜಿಗೆ ಬೀಳುತ್ತದೋ ಅದನ್ನು ತಗೊಂಡು, ಉಳಿದದ್ದನ್ನು ಟೈಲರ್ ಹತ್ತಿರ ಹಿಡಿಸಿಕೊಳ್ಳಿ. ದೊಡ್ಡದನ್ನು ಚಿಕ್ಕದು ಮಾಡುವುದು ಸುಲಭ.

ಪೆಟೀಟ್ ಅಂದ್ರೆ ತೆಳ್ಳಗಿರೋರಿಗೆ ಅಲ್ವಾ?

ಅಲ್ಲ, ಕುಳ್ಳಗಿರುವವರಿಗೆ. ಸಾಮಾನ್ಯವಾಗಿ 5 ಅಡಿ 4 ಇಂಚಿಗಿಂತ ಕಡಿಮೆ ಎತ್ತರದವರಿಗೆ. ಬರೀ ಅಂಚು ಮೋಟು ಮಾಡಿದ್ದಲ್ಲ. ಭುಜದಿಂದ ಸೊಂಟಕ್ಕೆ, ಸೊಂಟದಿಂದ ಮಂಡಿಗೆ, ತೋಳಿಗೆ, ಎಲ್ಲ ಕಡೆ ಉದ್ದ ತಗ್ಗಿಸಿರುತ್ತಾರೆ. ಪ್ಲಸ್ ಸೈಜಿನಲ್ಲೂ ಪೆಟೀಟ್ ಇದೆ. ಕುಳ್ಳಗೆ, ದಪ್ಪಗಿರುವವರು ದಯವಿಟ್ಟು ಅದನ್ನು ಹುಡುಕಿ.

ಫ್ರೀ ಸೈಜ್ ಎಲ್ಲರಿಗೂ ಆಗುತ್ತಾ?

ಇಲ್ಲ. ಬಟ್ಟೆಯನ್ನು ನೆಲದ ಮೇಲೆ ಹರಡಿದಾಗ ಎದೆಯ ಹತ್ತಿರ ಎಷ್ಟು ಅಗಲ ಇದೆ ಎಂದು ಕೇಳಿ, ಎರಡರಿಂದ ಗುಣಿಸಿ. ಆ ಅಳತೆ ನಿಮ್ಮ ಎದೆಗಿಂತ ಜಾಸ್ತಿ ಇದ್ದರೆ ಮಾತ್ರ ಮುಂದಿನ ಮಾತು.

## ಸೈಜುಗಳ ಗೊಂದಲ

ಒಂದು ಬ್ರ್ಯಾಂಡಿನಲ್ಲಿ ನಾನು ಎಂ, ಇನ್ನೊಂದರಲ್ಲಿ ಎಕ್ಸ್‌ಎಲ್. ನಾನು ದಪ್ಪ ಆದ್ನಾ?

ನೀವು ಇದ್ದ ಹಾಗೇ ಇದ್ದೀರಿ. ಪ್ರತಿ ಕಂಪನಿಯೂ ತನ್ನದೇ ಚಾರ್ಟು ಇಟ್ಟುಕೊಂಡಿದೆ, ಅಷ್ಟೇ.

ಎಲ್ಲರಿಗೂ ಒಂದೇ ಅಳತೆ ತರುವ ಪ್ರಯತ್ನ ನಡೆಯಲಿಲ್ಲ ಅಂತಲ್ಲ. ಅಮೆರಿಕದ ಕೃಷಿ ಇಲಾಖೆಗಾಗಿ ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ 1939–40ರಲ್ಲಿ ಸುಮಾರು 15,000 ಹೆಂಗಸರ ಮೈಯಳತೆ ತೆಗೆಸಿದರು. ಒಬ್ಬೊಬ್ಬರಿಗೆ 59 ಅಳತೆ. ಆದರೆ ಕೊನೆಯ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರದ್ದು ಮಾತ್ರ. ಅಂದರೆ ಅಡಿಪಾಯದಲ್ಲೇ ಬಹಳ ದೇಹಗಳು ಬಿಟ್ಟುಹೋದವು. ಅದನ್ನು ಆಧರಿಸಿ 1958ರಲ್ಲಿ ಒಂದು ಸರ್ಕಾರಿ ಮಾನದಂಡ ಬಂತು. ಕಂಪನಿಗಳು ಅದಕ್ಕೆ ಅಂಟಿಕೊಳ್ಳಲಿಲ್ಲ. 1983ರಲ್ಲಿ ಅದನ್ನು ಹಿಂದಕ್ಕೆ ತಗೊಂಡರು.

ಅದರ ಜೊತೆಗೆ ಇನ್ನೊಂದು ಚಾಳಿ ಬೆಳೆಯಿತು. ಚಿಕ್ಕ ನಂಬರ್ ಕಂಡರೆ ಕೊಳ್ಳುವವರು ಖುಷಿಪಡುತ್ತಾರೆ ಎಂದು, ಬಟ್ಟೆಯನ್ನು ದೊಡ್ಡದು ಮಾಡಿ ಹಳೇ ನಂಬರನ್ನೇ ಅಂಟಿಸುವುದು. ಇದನ್ನೇ ವ್ಯಾನಿಟಿ ಸೈಜಿಂಗ್ ಎನ್ನುತ್ತಾರೆ. 1958ರ ಮಾನದಂಡದಲ್ಲಿ 8 ಎಂದರೆ ಎದೆ 31, ಸೊಂಟ 23.5. ಈಗಿನ ಎಷ್ಟೋ ಚಾರ್ಟುಗಳಲ್ಲಿ ಅದೇ 8ಕ್ಕೆ ಎದೆ 35–36ರ ಆಸುಪಾಸು ಇದೆ. ನಂಬರ್ ಒಂದೇ, ನಾಲ್ಕೈದು ಇಂಚು ವ್ಯತ್ಯಾಸ. ಇಂಥ ನಂಬರನ್ನು ನೋಡಿ ಕನ್ನಡಿ ಮುಂದೆ ಕಣ್ಣೀರು ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಎಕ್ಸ್‌ಎಕ್ಸ್‌ಎಲ್ ಮತ್ತು 2ಎಕ್ಸ್ ಒಂದೇ ತಾನೇ?

ಅಲ್ಲ. ಈ ಒಂದು ಉತ್ತರವನ್ನಾದರೂ ಪೂರ್ತಿ ಓದಿ.

ರೆಗ್ಯುಲರ್ ಬಟ್ಟೆಯನ್ನು ಮೊದಲು 8 ಅಥವಾ 10ರ ಆಸುಪಾಸಿನ ಒಬ್ಬ ಮಾಡೆಲ್ ಮೈಮೇಲೆ ಕೂರಿಸುತ್ತಾರೆ. ಆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಅಚ್ಚು, ಸರಿ ಎನಿಸಿದ ಮೇಲೆ ಅದನ್ನೇ ಹಂತ ಹಂತವಾಗಿ ಹಿಗ್ಗಿಸುತ್ತಾ, ಕುಗ್ಗಿಸುತ್ತಾ ಉಳಿದ ಸೈಜು ಮಾಡುತ್ತಾರೆ. ಇದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಒಂದೆರಡು ಹಂತಕ್ಕೆ ಇದು ಚೆನ್ನಾಗಿಯೇ ನಡೆಯುತ್ತದೆ. ಐದಾರು ಹಂತ ದಾಟಿದರೆ ಚಿಕ್ಕ ಫೋಟೊವನ್ನು ಎಳೆದು ದೊಡ್ಡದು ಮಾಡಿದ ಹಾಗೆ ಆಗುತ್ತದೆ. ಯಾಕೆಂದರೆ ಮೈ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ತುಂಬಿಕೊಳ್ಳುವುದಿಲ್ಲ. ಎದೆ ಹತ್ತು ಇಂಚು ಹೆಚ್ಚಿದ ಮಾತ್ರಕ್ಕೆ ಭುಜದ ಮೂಳೆ ಅಗಲವಾಗುತ್ತದಾ? ತೋಳು ಉದ್ದವಾಗುತ್ತದಾ? ಇಲ್ಲ. ತುಂಬಿಕೊಳ್ಳುವುದು ಎದೆ, ಹೊಟ್ಟೆ, ಹಿಪ್, ತೋಳಿನ ಮೇಲ್ಭಾಗ, ಬೆನ್ನು.

ಹೀಗೆ ಎಳೆದು ಮಾಡಿದ ಎಕ್ಸ್‌ಎಕ್ಸ್‌ಎಲ್ ಹಾಕಿ ನೋಡಿ. ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿರುತ್ತದೆ, ಕುತ್ತಿಗೆ ಅಗಲವಾಗಿ ಬ್ರಾದ ಪಟ್ಟಿ ಕಾಣುತ್ತದೆ, ತೋಳು ಬೆರಳವರೆಗೆ ಬರುತ್ತದೆ. ಆದರೂ ಎದೆಗೆ ಬಿಗಿ!

ನಿಜವಾದ ಪ್ಲಸ್ ಸೈಜ್ ಬಟ್ಟೆಯ ಪ್ಯಾಟರ್ನನ್ನು 18 ಅಥವಾ 20ರ ಆಸುಪಾಸಿನ ಮೈಗೆ ಹೊಸದಾಗಿಯೇ ತೆಗೆಯುತ್ತಾರೆ. ಎದೆಯ ಡಾರ್ಟ್, ಅಂದರೆ ಉಬ್ಬಿಗೆ ಜಾಗ ಕೊಡಲು ಮಡಚಿ ಹೊಲಿದ ಚೂಪು ಮಡಿಕೆ, ಆಳವಾಗಿರುತ್ತದೆ. ಕಂಕುಳ ಸುತ್ತು, ತೋಳಿನ ಮೇಲ್ಭಾಗ ದೊಡ್ಡದಿರುತ್ತದೆ. ಎದೆ, ಹೊಟ್ಟೆ ಬಟ್ಟೆಯನ್ನು ಮೇಲಕ್ಕೆ ಎತ್ತುವುದರಿಂದ ಮುಂಭಾಗಕ್ಕೆ ಉದ್ದ ಜಾಸ್ತಿ ಕೊಟ್ಟಿರುತ್ತಾರೆ. ಭುಜ ಮಾತ್ರ ಅಳತೆಯಲ್ಲೇ ಇರುತ್ತದೆ. 14 ಮತ್ತು 14ಡಬ್ಲ್ಯೂ ನಡುವಿನ ವ್ಯತ್ಯಾಸವೂ ಇದೇ. ನಂಬರ್ ಒಂದೇ ಆದರೂ ಡಬ್ಲ್ಯೂ ಇರುವುದರ ಕಟಿಂಗೇ ಬೇರೆ. ಮಾನದಂಡ ರೂಪಿಸುವ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಪ್ಲಸ್ ಸೈಜಿನ ಮೈಯಳತೆಗೆ ಡಿ6960 ಎಂಬ ಬೇರೆ ಕೋಷ್ಟಕವನ್ನೇ ಇಟ್ಟಿದೆ.

ಎರಡರ ಗಡಿಯಲ್ಲಿ ಇರುವವರು ಎರಡನ್ನೂ ಹಾಕಿ ನೋಡುವುದು ಒಳ್ಳೆಯದು. ಅಗಲ ಭುಜ, ಕಡಿಮೆ ಎದೆ ಇರುವವರಿಗೆ ಎಕ್ಸ್‌ಎಕ್ಸ್‌ಎಲ್ ಹೊಂದಬಹುದು. ಚಿಕ್ಕ ಭುಜ, ತುಂಬಿದ ಎದೆ ಇದ್ದರೆ 1ಎಕ್ಸ್ ಅಥವಾ 2ಎಕ್ಸ್ ಚೆನ್ನಾಗಿ ಕೂರುತ್ತದೆ.

ಹಾಗಾದ್ರೆ ಎಷ್ಟೋ ಕಂಪನಿಗಳು ಎಕ್ಸ್‌ಎಲ್‌ಗೇ ನಿಲ್ಲಿಸೋದು ಯಾಕೆ?

ಹೊಸ ಪ್ಯಾಟರ್ನ್, ಹೊಸ ಮಾಡೆಲ್, ಮತ್ತೆ ಮತ್ತೆ ತಿದ್ದುವ ಕೆಲಸ ಬೇಕು. ಖರ್ಚು ಅಲ್ಲಿದೆ. ಸ್ವಲ್ಪ ಹೆಚ್ಚು ಬಟ್ಟೆ ಹಿಡಿಯುವುದು ದೊಡ್ಡ ಲೆಕ್ಕವಲ್ಲ. ಆದರೆ ಕೊಳ್ಳುವವರಿಲ್ಲ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಲೇನ್ ಬ್ರಯಂಟ್ ಕಂಪನಿ 20ನೇ ಶತಮಾನದ ಮೊದಲ ದಶಕಗಳಿಂದಲೇ ದಪ್ಪ ಮೈಯ ಹೆಂಗಸರಿಗೆಂದು ಬಟ್ಟೆ ಮಾಡಿ ಮಾರಿ ದೊಡ್ಡದಾಗಿ ಬೆಳೆಯಿತು.

ಅಮೆರಿಕದ ಸೈಜನ್ನು ಬ್ರಿಟನ್, ಯುರೋಪಿನ ಸೈಜಿಗೆ ಬದಲಾಯಿಸೋದು ಹೇಗೆ?

ಅಂದಾಜು ಲೆಕ್ಕ ಇದು: ಅಮೆರಿಕದ ನಂಬರಿಗೆ 4 ಸೇರಿಸಿದರೆ ಬ್ರಿಟನ್ನಿನದು, 30 ಸೇರಿಸಿದರೆ ಜರ್ಮನಿಯದು, 32 ಸೇರಿಸಿದರೆ ಫ್ರಾನ್ಸಿನದು, 36 ಸೇರಿಸಿದರೆ ಇಟಲಿಯದು. ಅಮೆರಿಕದ 8 ಬ್ರಿಟನ್ನಿನಲ್ಲಿ 12, ಜರ್ಮನಿಯಲ್ಲಿ 38, ಫ್ರಾನ್ಸಿನಲ್ಲಿ 40, ಇಟಲಿಯಲ್ಲಿ 44. ಬರೀ "40" ಎಂದು ಬರೆದಿದ್ದರೆ ಅದು ಯಾವ ದೇಶದ್ದು ಎಂದು ನೋಡದೆ ತಗೊಳ್ಳಬೇಡಿ. ಯುರೋಪಿನ ಇಎನ್ 13402 ಮಾನದಂಡ ಮಾತ್ರ ಒಳ್ಳೇ ದಾರಿ ತೋರಿಸಿದೆ. ಚೀಟಿಯ ಮೇಲೆ ಒಂದು ಮೈಯ ಚಿತ್ರ, ಪಕ್ಕದಲ್ಲಿ ಎದೆ, ಸೊಂಟ, ಹಿಪ್ಪಿನ ಅಳತೆ ಸೆಂಟಿಮೀಟರಿನಲ್ಲಿ. ಅಂಥ ಚೀಟಿ ಸಿಕ್ಕರೆ ಲೆಕ್ಕಾಚಾರವೇ ಬೇಡ.

ಒಂದೇ ಬ್ರ್ಯಾಂಡು, ಒಂದೇ ಸೈಜು, ಒಂದೇ ಡಿಸೈನು. ಎರಡು ಜೀನ್ಸಿನಲ್ಲಿ ಒಂದು ಬಿಗಿ, ಒಂದು ಸಡಿಲ. ಹೇಗೆ?

ಫ್ಯಾಕ್ಟರಿಯಲ್ಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಮೇಲಿನ ಪದರಕ್ಕೂ ಕೆಳಗಿನದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಹೊಲಿಯುವಾಗ ಮತ್ತಷ್ಟು, ಒಗೆದು ಬಣ್ಣ ಕಟ್ಟುವಾಗ ಇನ್ನಷ್ಟು. ಅರ್ಧ ಇಂಚು ಆಚೀಚೆ ಆದರೆ ಸಾಮಾನ್ಯವಾಗಿ ಪಾಸ್ ಮಾಡುತ್ತಾರೆ. ಒಂದು ಅರ್ಧ ಇಂಚು ಕಡಿಮೆ, ಇನ್ನೊಂದು ಅರ್ಧ ಇಂಚು ಜಾಸ್ತಿ ಇದ್ದರೆ ಪೂರ್ತಿ ಒಂದು ಇಂಚು ವ್ಯತ್ಯಾಸ ಆಯಿತು. ಕಪ್ಪು ಜೀನ್ಸು ಮತ್ತು ತಿಳಿ ನೀಲಿ ಜೀನ್ಸನ್ನು ಒಂದೇ ಸೈಜು ಎಂದು ನಂಬಬೇಡಿ. ಎರಡನ್ನೂ ಹಾಕಿ ನೋಡಿ.

## ಕಟಿಂಗ್, ಹೊಲಿಗೆಯ ಒಳಗುಟ್ಟು

ನನ್ನ ಎದೆ 40. ಬಟ್ಟೆಯೂ 40 ಇದ್ರೆ ಸರಿ ತಾನೇ?

ಹಿಗ್ಗದ ಬಟ್ಟೆಯಾದರೆ ಸರಿಯಲ್ಲ, ಉಸಿರಾಡಲೂ ಆಗುವುದಿಲ್ಲ. ಮೈಯ ಅಳತೆಗಿಂತ ಬಟ್ಟೆಗೆ ಕೊಡುವ ಹೆಚ್ಚಿನ ಜಾಗಕ್ಕೆ ಈಸ್ ಎನ್ನುತ್ತಾರೆ. ಮೈಗೆ ಹೊಂದುವ ಹತ್ತಿ ಶರ್ಟಿಗೆ ಎದೆಯಲ್ಲಿ 2ರಿಂದ 4 ಇಂಚು, ಹಿಪ್ಪಿನಲ್ಲಿ 2ರಿಂದ 3 ಇಂಚು, ಸೊಂಟದ ಪಟ್ಟಿಗೆ ಸುಮಾರು ಒಂದು ಇಂಚು ಬೇಕು. ಕೂತಾಗ ಹಿಪ್, ಹೊಟ್ಟೆ ಹರಡಿಕೊಳ್ಳುತ್ತವೆ. ತುಂಬಿದ ಮೈಯವರಿಗೆ ಅದು ಇನ್ನೂ ಜಾಸ್ತಿ, ಹಾಗಾಗಿ ಅವರು ಹೆಚ್ಚಿನ ಅಂಕಿಯ ಕಡೆಗೇ ಹೋಗಲಿ. ಎಲಾಸ್ಟೇನ್ (ಹಿಗ್ಗುವ ನೂಲು) ಇರುವ, ಮೈಗೆ ಹತ್ತುವ ಟಿ-ಶರ್ಟು, ಲೆಗ್ಗಿಂಗ್ಸು ಮೈಗಿಂತ ಚಿಕ್ಕದಾಗಿಯೇ ಇರುತ್ತವೆ. ಹಿಗ್ಗಿ ಕೂರುವುದೇ ಅವುಗಳ ಕೆಲಸ.

ಚಾರ್ಟಿನಲ್ಲಿ ಕೊಟ್ಟಿರುವುದು ಮೈಯ ಅಳತೆಯಾ, ಬಟ್ಟೆಯ ಅಳತೆಯಾ ಎಂದು ಮೊದಲು ನೋಡಿಕೊಳ್ಳಿ. ಮೈಯದ್ದಾದರೆ ಈಸ್ ಅವರೇ ಸೇರಿಸಿರುತ್ತಾರೆ. ಬಟ್ಟೆಯದ್ದಾದರೆ ನೀವು ಲೆಕ್ಕ ಹಾಕಬೇಕು.

ಎದೆಗೆ ಸರಿಯಾದ್ರೆ ಭುಜ ಜಾರುತ್ತೆ, ಭುಜಕ್ಕೆ ಸರಿಯಾದ್ರೆ ಗುಂಡಿ ಹತ್ತಲ್ಲ. ಏನ್ ಮಾಡ್ಲಿ?

ಟೇಪನ್ನು ಕಂಕುಳ ಕೆಳಗೆ, ಎದೆಯ ಮೇಲ್ಭಾಗದಲ್ಲಿ ಸುತ್ತಿ ಒಂದು ಅಳತೆ ತಗೊಳ್ಳಿ. ಇದು ಹೈ ಬಸ್ಟ್. ಎದೆಯ ಪೂರ್ತಿ ಅಳತೆಗೂ ಇದಕ್ಕೂ ಎಷ್ಟು ವ್ಯತ್ಯಾಸ? ಬಹಳಷ್ಟು ಪ್ಯಾಟರ್ನ್‌ಗಳನ್ನು ಸುಮಾರು 2 ಇಂಚು ವ್ಯತ್ಯಾಸ ಇರುವ ಮೈಗೆ, ಅಂದರೆ ಬಿ ಕಪ್ಪಿಗೆ ತೆಗೆದಿರುತ್ತಾರೆ. ನಿಮ್ಮದು 4 ಅಥವಾ 5 ಇಂಚಾದರೆ ಎದೆಯ ಅಳತೆ ಹಿಡಿದು ತಗೊಂಡ ಬಟ್ಟೆ ಭುಜಕ್ಕೆ ದೊಡ್ಡದಾಗಿಯೇ ಬರುತ್ತದೆ. ಹೊಲಿಸಿಕೊಳ್ಳುವಾಗ ಭುಜ, ಕುತ್ತಿಗೆಗೆ ಹೈ ಬಸ್ಟ್ ಹಿಡಿದು, ಎದೆಗೆ ಮಾತ್ರ ಬಟ್ಟೆ ಬಿಟ್ಟು ಡಾರ್ಟ್ ಹಾಕಲು ಹೇಳಿ. ರೆಡಿಮೇಡಿನಲ್ಲಾದರೆ ಎದೆಯ ಕಡೆಗೆ ಉದ್ದ ಹೊಲಿಗೆ ಇರುವ ಪ್ರಿನ್ಸೆಸ್ ಕಟ್, ಅಡ್ಡ ಮಡಚಿ ಕಟ್ಟುವ ರ‍್ಯಾಪ್ ಟಾಪ್ ಹುಡುಕಿ.

ಬ್ರಾ ಸೈಜು ಮತ್ತು ಬಟ್ಟೆ ಸೈಜಿಗೆ ಸಂಬಂಧ ಇದೆಯಾ?

ನೇರ ಸಂಬಂಧ ಇಲ್ಲ. ಬ್ರಾದ ನಂಬರ್ ಎದೆಯ ಕೆಳಗಿನ ಪಟ್ಟಿಯದು. ಅಕ್ಷರ ಹೇಳುವುದು ಪಟ್ಟಿಗೂ ತುಂಬಿದ ಎದೆಗೂ ಇರುವ ವ್ಯತ್ಯಾಸವನ್ನು: 1 ಇಂಚಿಗೆ ಎ, 2ಕ್ಕೆ ಬಿ, 3ಕ್ಕೆ ಸಿ, 4ಕ್ಕೆ ಡಿ. ಹಾಗಾಗಿ ಡಿ ಎಂದ ಮಾತ್ರಕ್ಕೆ ದೊಡ್ಡದು ಎಂದಲ್ಲ. 34ಡಿ, 36ಸಿ, 38ಬಿ ಈ ಮೂರರ ಕಪ್ಪಿನ ಗಾತ್ರ ಹೆಚ್ಚುಕಡಿಮೆ ಒಂದೇ. ಹೊಸ ಬ್ರಾ ಬದಲಾಯಿಸಿದರೆ ಎದೆಯ ಎತ್ತರ, ಅಳತೆ ಎರಡೂ ಬದಲಾಗುತ್ತವೆ. ಅದರ ಮೇಲೇ ಮತ್ತೆ ಅಳೆಯಿರಿ.

ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ಏನು ನೋಡ್ಬೇಕು?

ಸುಕ್ಕು ನೋಡಿ. ಸುಕ್ಕು ಎಲ್ಲಿಂದ ಹೊರಡುತ್ತದೋ ಅಲ್ಲೇ ಬಟ್ಟೆಗೆ ತೊಂದರೆ. ಶರ್ಟಿನ ಎದೆಯ ಗುಂಡಿಯಿಂದ ಎರಡೂ ಕಡೆ ಅಡ್ಡ ಗೆರೆ ಹರಡಿದರೆ ಎದೆಗೆ ಅಗಲ ಸಾಲದು. ಎದೆಯ ತುದಿಯಿಂದ ಕಂಕುಳ ಕಡೆಗೆ ಓರೆಯಾಗಿ ಎಳೆದರೆ ಡಾರ್ಟ್ ಸಾಲದು, ಸೈಜು ಏರಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಪ್ಯಾಂಟಿನ ಮುಂದೆ, ತೊಡೆಯ ಸಂದಿನಿಂದ ಪಕ್ಕಕ್ಕೆ ಗೆರೆ ಮೂಡಿದರೆ ಹಿಪ್ಪಿಗೋ ತೊಡೆಗೋ ಬಿಗಿ. ಉದ್ದುದ್ದಕ್ಕೆ ಬಟ್ಟೆ ಜೋತು ನೆರಿಗೆ ಬಿದ್ದರೆ ಜಾಸ್ತಿ ಸಡಿಲ.

ಆಮೇಲೆ ಪಕ್ಕಕ್ಕೆ ತಿರುಗಿ. ಪಕ್ಕದ ಹೊಲಿಗೆ ನೇರ ಕೆಳಗಿಳಿಯಬೇಕು. ಅದು ಮುಂದಕ್ಕೆ ವಾಲಿದರೆ ಮುಂಭಾಗಕ್ಕೆ ಬಟ್ಟೆ ಸಾಲದು. ಟಾಪಿನ ಅಂಚು ಹಿಂದೆ ಸಮ ಇದ್ದು ಮುಂದೆ ಎತ್ತಿಕೊಂಡಿದ್ದರೆ ಎದೆ ಅಥವಾ ಹೊಟ್ಟೆ ಉದ್ದವನ್ನು ತಿನ್ನುತ್ತಿದೆ. ಎರಡೂ ಕೈ ಮುಂದೆ ಚಾಚಿ, ತಲೆಯ ಮೇಲೆ ಎತ್ತಿ, ಕೂತು ಎದ್ದು ನೋಡಿ. ಸುಮ್ನೆ ನೆಟ್ಟಗೆ ನಿಂತು ನೋಡಿದರೆ ಅರ್ಧ ವಿಷಯ ಗೊತ್ತಾಗುವುದಿಲ್ಲ.

ಪ್ಯಾಂಟು ಸೊಂಟಕ್ಕೆ ಸರಿ ಇದೆ. ಆದ್ರೆ ಕೂತ್ರೆ ಹಿಂದೆ ಇಳಿಯುತ್ತೆ. ದೊಡ್ಡ ಸೈಜ್ ತಗೊಳ್ಳಲಾ?

ಬೇಡ, ಇನ್ನೂ ಇಳಿಯುತ್ತದೆ. ಇಲ್ಲಿ ಕಡಿಮೆಯಾಗಿರುವುದು ರೈಸ್, ಅಂದರೆ ತೊಡೆಯ ಸಂದಿನಿಂದ ಸೊಂಟದ ಪಟ್ಟಿವರೆಗಿನ ಉದ್ದ. ಕೂತಾಗ ಹಿಂಭಾಗ ಹೆಚ್ಚು ಬಟ್ಟೆ ಕೇಳುತ್ತದೆ. ಅದಕ್ಕೇ ಒಳ್ಳೇ ಪ್ಯಾಂಟಿನಲ್ಲಿ ಹಿಂದಿನ ರೈಸ್ ಮುಂದಿನದಕ್ಕಿಂತ ಉದ್ದ ಇರುತ್ತದೆ. ಚೆನ್ನಾಗಿ ಕೂರುವ ನಿಮ್ಮ ಹಳೇ ಪ್ಯಾಂಟಿನ ರೈಸನ್ನು ಮುಂದೆ, ಹಿಂದೆ ಎರಡೂ ಕಡೆ ಅಳೆದಿಟ್ಟುಕೊಳ್ಳಿ. ಕೊಳ್ಳುವಾಗ ಅದಕ್ಕೆ ಹೋಲಿಸಿ, ಹೈ ರೈಸ್ ಎಂದು ಬರೆದದ್ದನ್ನು ಮೊದಲು ನೋಡಿ.

ಆನ್‌ಲೈನಿನಲ್ಲಿ ಹಾಕಿ ನೋಡೋಕೆ ಆಗಲ್ಲ. ಹೇಗೆ ಆರಿಸೋದು?

ನಿಮಗೆ ಚೆನ್ನಾಗಿ ಆಗುವ ಬಟ್ಟೆಯೊಂದನ್ನು ಮಂಚದ ಮೇಲೆ ಹರಡಿ ಎದೆಯ ಅಗಲ, ಹಿಪ್ಪಿನ ಅಗಲ, ಭುಜ, ಉದ್ದ ಅಳೆದು ಬರೆದಿಡಿ. ಆನ್‌ಲೈನಿನ ಬಟ್ಟೆಯ ಅಳತೆಯನ್ನು ಅದಕ್ಕೆ ಹೋಲಿಸಿ. ಹೋಲಿಸುವಾಗ ಹಿಗ್ಗುವ ಬಟ್ಟೆಗೆ ಹಿಗ್ಗುವುದು, ಹಿಗ್ಗದ್ದಕ್ಕೆ ಹಿಗ್ಗದ್ದು. ಅಪ್ಪಟ ಹತ್ತಿಯಾದರೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. 44 ಇಂಚಿನ ಟಾಪು 42 ಆಗಿಬಿಡಬಹುದು, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ತಮ್ಮ ಎತ್ತರ, ಅಳತೆ ಹೇಳಿದವರ ಮಾತಿಗೆ ಬೆಲೆ ಜಾಸ್ತಿ ಕೊಡಿ.

ತಗೊಂಡ ಮೇಲೆ ಟೈಲರ್ ಹತ್ರ ಏನೇನು ಸರಿ ಮಾಡಿಸ್ಬಹುದು?

ಪಕ್ಕ ಹಿಡಿಯುವುದು, ಸೊಂಟ ಹಿಡಿಯುವುದು, ಅಂಚು ಮೋಟು ಮಾಡುವುದು, ತೋಳಿನ ಉದ್ದ ತಗ್ಗಿಸುವುದು ಸುಲಭ. ಭುಜ ಚಿಕ್ಕದು ಮಾಡಬೇಕಾದರೆ ತೋಳು ಬಿಚ್ಚಿ ಮತ್ತೆ ಹೊಲಿಯಬೇಕು. ಆಗುತ್ತದೆ, ಆದರೆ ಕೈ ಪಳಗಿದವರೇ ಬೇಕು. ರೈಸ್ ಉದ್ದ ಮಾಡುವುದು, ಕಂಕುಳು ದೊಡ್ಡದು ಮಾಡುವುದು ಹೆಚ್ಚುಕಡಿಮೆ ಆಗದ ಕೆಲಸ. ಬಿಗಿ ಇದ್ದದ್ದನ್ನು ಬಿಡಿಸಬಹುದಾ ಎಂದು ತಿಳಿಯಲು ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಪಕ್ಕದ ಹೊಲಿಗೆ ನೋಡಿ. ಹೊಲಿಗೆಯಿಂದ ಅಂಚಿಗೆ ಒಂದು ಇಂಚು ಬಟ್ಟೆ ಉಳಿದಿದ್ದರೆ ಬಿಡಿಸಬಹುದು. ಓವರ್‌ಲಾಕ್ ಹಾಕಿ ಅರ್ಧ ಇಂಚಿಗಿಂತ ಕಡಿಮೆ ಉಳಿಸಿದ್ದರೆ ಅದನ್ನು ಹಾಗೇ ಮಡಚಿಟ್ಟು ಮೇಲಿನ ಸೈಜು ತರಿಸಿ.